ಕೆನೆಶ್‌ನ ಆರು ಡಬ್ಬಿಗಳು

ನಾಲ್ಕನೆಯ ಡಬ್ಬಿಯನ್ನು ಎರಡನೆಯದರ ಜಾಗಕ್ಕೆ ತಂದು, ಎರಡನೆಯದನ್ನು ಕೊನೆಗೆ ಸರಿಸಿ, ವೈರುಗಳನ್ನೆಲ್ಲ ಮತ್ತೊಮ್ಮೆ ಸಿಕ್ಕಿಸಿ ಶೈಲೋಬೆಕ್ ಗಿಟಾರಿನ ತಂತಿ ಮೀಟಿದರೆ ಸ್ಪೀಕರಿನಿಂದ ಯಾವುದೋ ರೇಡಿಯೋದ ಹವಾಮಾನ ವರದಿ ಬಂತು. ಯಾವಳೋ ಹೆಂಗಸು ಬಹಳ ಸಾವಧಾನವಾಗಿ, ನಾರಿನ್ ಕಡೆಯ ಘಾಟಿಗಳಲ್ಲಿ ಇನ್ನೂ ಹಿಮ ಬೀಳುತ್ತಿದೆ, ಬಿಷ್ಕೆಕ್‌ನಲ್ಲಿ ಮಧ್ಯಾಹ್ನದ ಮೇಲೆ ಬಿಸಿಲು ಕಾಣಿಸಲಿದೆ ಎಂದು ಹೇಳಿ ಗುಂಯ್ ಎನ್ನುವ ಸದ್ದಿನಲ್ಲಿ ಮುಳುಗಿಹೋದಳು. ಅವನು ಗಿಟಾರನ್ನು ಸೋಫಾದ ಮೇಲೆ ಎಸೆದ. ಎಸೆದ ಮೇಲೆ ಗಿಟಾರಿನದೇನು ತಪ್ಪು ಅನ್ನಿಸಿ, ಎತ್ತಿಕೊಂಡು, ಅದರ ಕತ್ತು ನೆಟ್ಟಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದ. ಊಟದ ಮೇಜಿನ ಮೇಲೆ ಆರು ಡಬ್ಬಿಗಳು ಸಾಲಾಗಿ ಕೂತಿದ್ದವು. ಅಂಗಡಿಯಲ್ಲಿ ಕೊಂಡ, ಗಿಟಾರಿನ ದನಿ ಬದಲಿಸುವ ಪೆಡಲುಗಳಾಗಿದ್ದರೆ ಮೈಮೇಲೆ ಹೆಸರಾದರೂ ಇರುತ್ತಿತ್ತು. ಇವು ತಂಡದ ಇನ್ನೊಬ್ಬ ಗಿಟಾರಿನವನು ಕೆನೆಶ್ ತಾನು ಕೆಲಸ ಮಾಡುತ್ತಿದ್ದ ಟ್ರಾಲಿಬಸ್ ಡಿಪೋದಲ್ಲಿ ಊಟದ ಬಿಡುವಿಗೆ ಕೂತು, ಗುಜರಿಗೆ ಬಿದ್ದ ಬಸ್ಸುಗಳ ಫ್ಯೂಸು ಡಬ್ಬಿಗಳನ್ನು ಬಿಚ್ಚಿ, ತೂತು ಕೊರೆದು, ಬೆಸುಗೆ ಹಾಕಿ ಮಾಡಿಕೊಂಡವು. ಬಸ್ಸಿಗೆ ಬಳಿದು ಮಿಕ್ಕ ನೀಲಿ ಬಣ್ಣವನ್ನೇ ಆರಕ್ಕೂ ಬಳಿದಿದ್ದ. ಮೇಲೊಂದು ಅಕ್ಷರವಿಲ್ಲ, ಗುರುತಿಲ್ಲ. ‘ಯಾವುದು ಏನು ಅಂತ ಬರ್ದಾದ್ರೂ ಇಡಬಾರ್ದಾ?’ ಎಂದು ಶೈಲೋಬೆಕ್ ಒಂದು ಸಲ ಕೇಳಿದ್ದಕ್ಕೆ ‘ಕಾಲಿಗೆ ಗೊತ್ತಲ್ಲ, ಬಿಡು’ ಅಂದಿದ್ದ. ಆ ಕಾಲು ಒಂದು ವರ್ಷದಿಂದ ಊರಾಚೆಯ ಗುಡ್ಡದ ಸ್ಮಶಾನದಲ್ಲಿತ್ತು. ಇವತ್ತು ಸಂಜೆ ನಾಲ್ಕಕ್ಕೆ ಡಿಪೋದ ಸಭಾಂಗಣದಲ್ಲಿ ಅವನ ವರ್ಷದ ಸ್ಮರಣೆ, ಊಟ, ಹಾಡು. ಗಂಟೆ ಹನ್ನೊಂದಾಗಿತ್ತು.

ತಪ್ಪು ತನ್ನ ಬಾಯಿಯದೇ ಎಂದು ಅವನಿಗೆ ಗೊತ್ತಿತ್ತು. ಅದಕ್ಕೇ ಇನ್ನಷ್ಟು ರೇಗುತ್ತಿತ್ತು. ಡ್ರಮ್ ಬಾರಿಸುವ ಒರೊಜ್, ಹಳೆಯ ತಂಡವೆಲ್ಲ ಸೇರಿ ‘ಮೂರನೆಯದು’ ಬಾರಿಸೋಣ ಎಂದಿದ್ದ. ಅವರೇ ಕಟ್ಟಿದ ಧಾಟಿ ಅದು. ಹೆಸರಿಡಲು ಯಾರಿಗೂ ಪುರುಸೊತ್ತಾಗದೆ ಪಟ್ಟಿಯಲ್ಲಿದ್ದ ಅಂಕಿಯೇ ಹೆಸರಾಗಿತ್ತು. ‘ಕೆನೆಶ್ ಇಲ್ದೆ ಆ ಸದ್ದು ಎಲ್ಲಿಂದ ತರ್ತೀಯ?’ ಎಂದು ಯಾರೋ ಕೇಳಿದಾಗ ಎಲ್ಲರೆದುರು, ಕೈಯಲ್ಲಿ ಚಹಾದ ಬಟ್ಟಲು ಹಿಡಿದುಕೊಂಡು, ‘ಅವನ ಸದ್ದು ನನಗಿಂತ ಚೆನ್ನಾಗಿ ಯಾರಿಗ್ರೀ ಗೊತ್ತು? ಇಪ್ಪತ್ತೆರಡು ವರ್ಷ ಅವನ ಎಡಗಡೆ ನಿಂತಿದೀನಿ’ ಎಂದು ತಾನೇ ಹೇಳಿದ್ದ. ಎರಡು ದಿನ ಬಿಟ್ಟು ಕೆನೆಶ್‌ನ ಹೆಂಡತಿ ಬುರುಲ್ ಒಂದು ಬಟ್ಟೆಯ ಚೀಲ ತಂದು ಬಾಗಿಲಲ್ಲೇ ಕೊಟ್ಟುಹೋದಳು. ಒಳಗೆ ಆರು ಡಬ್ಬಿಗಳೂ ಆಲೂಗೆಡ್ಡೆಯ ಹಾಗೆ ಒಂದರ ಮೇಲೊಂದು ಬಿದ್ದಿದ್ದವು.

‘ಅತ್ತಿಗೆ, ಇವನ್ನೆಲ್ಲ ಒಂದು ಹಲಗೆ ಮೇಲೆ ಸಾಲಾಗಿ ಕೂರಿಸಿದ್ನಲ್ಲ?’

‘ಕೂರಿಸಿದ್ದ. ಹಲಗೆ ಬೇಕಿತ್ತು, ಬಿಚ್ಚಿದೆ.’

‘ಯಾಕೆ?’

‘ಹಿಟ್ಟು ಲಟ್ಟಿಸೋಕೆ. ಒಳ್ಳೆ ಮರ ಕಣೋ ಅದು. ಇಷ್ಟು ವರ್ಷ ಅವನ ಬೂಟಿನೇಟು ತಿಂತಿತ್ತು.’

ಸಂಗೀತ ಶಾಲೆಯಲ್ಲಿ ಮಕ್ಕಳಿಗೆ ಶೈಲೋಬೆಕ್ ಈ ಸಾಲಿನ ವಿಷಯವನ್ನೇ ಪಾಠ ಮಾಡುತ್ತಿದ್ದ. ಗಿಟಾರಿನಿಂದ ಹೊರಟ ದನಿ ಒಂದು ಪೆಡಲಿನಿಂದ ಇನ್ನೊಂದಕ್ಕೆ ದಾಟುತ್ತ ಕೊನೆಗೆ ಸ್ಪೀಕರು ಸೇರುತ್ತದೆ. ಮೊದಲಿನದು ಮಾಡಿದ್ದನ್ನು ಮುಂದಿನದು ತಿನ್ನುತ್ತದೆ. ಆದ್ದರಿಂದ ಯಾವುದರ ನಂತರ ಯಾವುದು ಎನ್ನುವುದರಲ್ಲೇ ಎಲ್ಲ ಇದೆ. ಮೊದಲು ಮಾಂಸ ಹುರಿದು ಆಮೇಲೆ ಕ್ಯಾರೆಟ್ಟು, ಅಕ್ಕಿ ಹಾಕಿದರೆ ಪಲಾವು. ಎಲ್ಲ ಒಟ್ಟಿಗೆ ಕುದಿಸಿದರೆ ಆಸ್ಪತ್ರೆಯ ಊಟ ಎಂದು ಅವನು ಹೇಳಿದರೆ ಮಕ್ಕಳು ನಗುತ್ತಿದ್ದರು. ನಿನ್ನೆ ಬೆಳಿಗ್ಗೆಯಿಂದ ಕೂತು ಡಬ್ಬಿಗಳೊಳಗೆ ಏನಿದೆ ಎನ್ನುವುದನ್ನೇನೋ ಕಂಡುಹಿಡಿದಿದ್ದ. ಒಂದು ದನಿಯನ್ನು ಅದುಮಿ ಸಮ ಮಾಡುತ್ತದೆ, ಒಂದು ಹರಿದು ಒರಟು ಮಾಡುತ್ತದೆ, ಒಂದು ಪ್ರತಿಧ್ವನಿ ಕೊಡುತ್ತದೆ, ಒಂದು ನಡುಗಿಸುತ್ತದೆ, ಒಂದು ಮೂಗಿನಿಂದ ಮಾತಾಡಿದ ಹಾಗೆ ತಿರುಚುತ್ತದೆ. ಆರನೆಯದು ಕಾಲಿನಡಿ ಒತ್ತಿದಷ್ಟೂ ಸದ್ದು ಏರುವ ಸಾದಾ ಮೆಟ್ಟು. ಇವನ್ನು ಪುಸ್ತಕದಲ್ಲಿದ್ದಂತೆ ಜೋಡಿಸಿದ: ಅದುಮುವುದು, ತಿರುಚುವುದು, ಹರಿಯುವುದು, ನಡುಗಿಸುವುದು, ಪ್ರತಿಧ್ವನಿ, ಮೆಟ್ಟು. ಬಂದ ದನಿ ಚೊಕ್ಕವಾಗಿತ್ತು, ಎಲ್ಲೋ ಕೇಳಿದ ಹಾಗಿತ್ತು, ಯಾರದಾದರೂ ಆಗಬಹುದಿತ್ತು, ಕೆನೆಶ್‌ನದಾಗಿರಲಿಲ್ಲ. ಆರು ಡಬ್ಬಿಗಳನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದೆಂದು ಹಾಳೆಯ ಮೇಲೆ ಗುಣಿಸಿ ನೋಡಿದ. ಏಳುನೂರ ಇಪ್ಪತ್ತು. ಹಾಳೆಯನ್ನು ಉಂಡೆ ಮಾಡಿ ಕಿಟಕಿಯ ಕಡೆ ಎಸೆದ; ಅದು ಹೆಂಡತಿಯ ಜೆರೇನಿಯಂ ಕುಂಡದಲ್ಲಿ ಬಿತ್ತು.

‘ಅಲ್ರೀ,’ ಎಂದಳು ಹೆಂಡತಿ ಕಾಲಿಪಾ, ಅಡುಗೆಮನೆಯ ಬಾಗಿಲಲ್ಲಿ ನಿಂತು. ‘ನಿನ್ನೆಯಿಂದ ನಿಂತ್ಕೊಂಡು ಊಟ ಮಾಡ್ತಿದೀನಿ. ಈ ಮೇಜು ನನಗೆ ವಾಪಸ್ ಸಿಗುತ್ತೋ ಇಲ್ವೋ, ಅದಾದ್ರೂ ಹೇಳಿ.’

‘ಸಿಗುತ್ತೆ.’

‘ಇಪ್ಪತ್ತೆರಡು ವರ್ಷ ಜೊತೇಲಿ ಬಾರ್ಸಿದ್ರಿ. ನೆನಪಾಗ್ತಿಲ್ವಾ?’

‘ನೆನಪಿದೆ!’ ಎಂದು ಅವನು ಕಿರುಚಿದ. ಮೇಲಿನ ಮನೆಯವರು ನೆಲಕ್ಕೆ ಏನೋ ಕುಟ್ಟಿದರು. ನೆನಪಿರಲಿಲ್ಲ. ಕೆನೆಶ್‌ನ ಬೂಟು ನೆನಪಿತ್ತು, ಎಡಗಾಲಿನ ಬೂಟಿನ ಲೇಸು ಸದಾ ಬಿಚ್ಚಿರುತ್ತಿದ್ದುದು ನೆನಪಿತ್ತು, ಮದುವೆಮನೆಯ ದೀಪದಲ್ಲಿ ಅವನ ಬೋಳು ತಲೆ ಬೆವರಿ ಮಿಂಚುತ್ತಿದ್ದುದು ನೆನಪಿತ್ತು. ಕಣ್ಣು ಮುಚ್ಚಿ ದನಿಯನ್ನು ನೆನೆದರೆ ಕೇಳುತ್ತಿದ್ದುದು ತನ್ನದೇ ಗಿಟಾರು, ಮುಂದೆ ನಿಂತು ಬಾರಿಸುವ ತನ್ನದೇ ಸೋಲೋ, ಅದೂ ಬಹಳ ಚೆನ್ನಾಗಿ, ಆಗ ಬಾರಿಸಿದ್ದಕ್ಕಿಂತ ಚೆನ್ನಾಗಿ. ಕೆನೆಶ್ ಇರುತ್ತಿದ್ದ ಕಡೆ ಕೋಣೆಯಲ್ಲಿ ಫ್ರಿಜ್ಜು ಓಡುತ್ತಿರುವಂತೆ ಒಂದು ಸದ್ದು, ಅಷ್ಟೆ. ಇದ್ದಾಗ ಗಮನಕ್ಕೆ ಬಾರದ್ದು. ತೊಕ್ಮೊಕ್‌ನ ಮದುವೆಯೊಂದರ ಬಿಡುವಿನಲ್ಲಿ, ಹಿತ್ತಿಲ ಬೆಂಚಿನ ಮೇಲೆ ತಾನು ಮಾಂಸ ತುಂಬಿದ ಕಡುಬು, ಮಾಂತಿ, ತಿನ್ನುತ್ತಿದ್ದಾಗ ಕೆನೆಶ್ ಎರಡು ಡಬ್ಬಿ ಹಿಡಿದುಕೊಂಡು ಬಂದಿದ್ದ. ‘ಶೈಲೋ, ಒಂದು ನಿಮಿಷ ಬಾರೋ. ಹೀಗೆ ಒಂದ್ಸಲ ಬಾರಿಸ್ತೀನಿ, ಅದಲು ಬದಲು ಮಾಡಿ ಇನ್ನೊಂದ್ಸಲ ಬಾರಿಸ್ತೀನಿ. ಯಾವ್ದು ಚೆನ್ನಾಗಿದೆ ಹೇಳು.’ ಬಾಯಲ್ಲಿ ಮಾಂತಿ ಇತ್ತು, ರಸ ಮೊಣಕೈವರೆಗೆ ಇಳಿಯುತ್ತಿತ್ತು. ಬೆಂಚಿನಿಂದ ಏಳದೆಯೇ, ‘ಎರಡೂ ಒಂದೇ ಕಣೋ’ ಎಂದಿದ್ದ. ಕೆನೆಶ್ ನಕ್ಕು ‘ನೀನಿನ್ನೂ ಕೇಳೇ ಇಲ್ಲ’ ಎಂದು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ, ಡಬ್ಬಿಗಳನ್ನು ಎರಡು ಕೈಯಲ್ಲಿ ತೂಗುತ್ತ. ಆಮೇಲೆಯೂ ಎಷ್ಟೋ ಸಲ ಕೇಳಿದ್ದ. ಎಷ್ಟು ಸಲ ಎಂದು ಎಣಿಸಲು ಹೊರಟು, ನಡುವೆಯೇ ಬಿಟ್ಟು, ಶೈಲೋಬೆಕ್ ಮತ್ತೆ ವೈರು ಕಿತ್ತು ಮತ್ತೆ ಸಿಕ್ಕಿಸಿದ. ಈ ಸಲ ಏನೂ ಬರಲಿಲ್ಲ. ಹವಾಮಾನ ವರದಿಯೂ ಬರಲಿಲ್ಲ. ಹತ್ತು ನಿಮಿಷ ಹುಡುಕಿದ ಮೇಲೆ ಗಿಟಾರಿಗೇ ವೈರು ಸಿಕ್ಕಿಸಿಲ್ಲವೆಂದು ಗೊತ್ತಾಯಿತು.

ಹನ್ನೆರಡಕ್ಕೆ ಒರೊಜ್ ಫೋನು ಮಾಡಿ, ‘ಆಯ್ತೇನೋ ಪ್ರೊಫೆಸರ್?’ ಎಂದ. ‘ಆಗ್ತಾ ಇದೆ’ ಎಂದು ಇವನು ಫೋನಿಟ್ಟ. ಹನ್ನೆರಡೂ ಕಾಲಿಗೆ ಸೋತು ಬುರುಲ್‌ಗೆ ಫೋನು ಮಾಡಿದ. ಸೋತೆ ಎಂದು ಹೇಳಲಿಲ್ಲ. ಹಲಗೆಯ ಫೋಟೋ ಏನಾದರೂ ಇದೆಯೇ, ಸುಮ್ಮನೆ, ಖಾತ್ರಿ ಮಾಡಿಕೊಳ್ಳಲು ಎಂದ. ಆಚೆ ಕಡೆ ಎಣ್ಣೆಯಲ್ಲಿ ಏನೋ ಚಟಪಟ ಕಾಯುತ್ತಿತ್ತು. ಅವಳು ‘ಫೋಟೋ ಇಲ್ಲ. ಬರ್ತೀನಿ ಇರು’ ಎಂದಳು. ಬೇಡ ಅನ್ನುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಗಂಡನ ವರ್ಷದ ದಿನ, ನೂರು ಜನರ ಅಡುಗೆ ಮೈಮೇಲಿರುವ ಹೆಂಗಸನ್ನು ಒಲೆಯ ಮುಂದಿನಿಂದ ಎಬ್ಬಿಸಿ ಐದು ಮಹಡಿ ಹತ್ತಿಸಿದೆನಲ್ಲ ಎಂದು ಅವನಿಗೆ ನಾಚಿಕೆಯಾಯಿತು. ನಾಚಿಕೆಯೂ ಕೂಡಲೇ ಸಿಡುಕಾಗಿ, ಕಾಲಿಪಾಳ ಮೇಲೆ, ಚಹಾ ತಣ್ಣಗಿದೆಯೆಂದು, ತಿರುಗಿತು.

ಬುರುಲ್ ಬಂದಾಗ ಅವಳ ತೋಳಿನಲ್ಲಿ ಹಿಟ್ಟು ಮೆತ್ತಿತ್ತು. ಕೋಟಿನ ಗುಂಡಿಯನ್ನೂ ಹಾಕಿಕೊಂಡಿರಲಿಲ್ಲ. ಕಾಲಿಪಾಳ ಕೈಗೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ಬಿಸಿ ಬೋರ್ಸೋಕ್ ಕಟ್ಟಿದ ಬಟ್ಟೆ ಕೊಟ್ಟು, ಮೇಜನ್ನೂ ಅದರ ಮೇಲಿನ ನೀಲಿ ಸಾಲನ್ನೂ ನೋಡಿ, ‘ಎಷ್ಟು ಸಣ್ಣಗಿವೆ,’ ಎಂದಳು. ‘ಮನೇಲಿ ದೊಡ್ಡದಾಗಿ ಕಾಣ್ತಿದ್ವು.’

‘ಕೂತ್ಕೊಳಿ ಅತ್ತಿಗೆ. ನೋಡಿ, ಯಾವುದು ಮುಂದಿತ್ತು, ಯಾವುದು...’

‘ನೋಡಿದ್ರೆ ನಂಗೇನು ಗೊತ್ತಾಗುತ್ತೋ ಮೈದುನ? ನಾನು ಯಾವತ್ತು ನೋಡ್ದೆ? ನಾನು ಅಡುಗೆಮನೇಲಿರ್ತಿದ್ದೆ.’ ಅವಳು ಕೋಟು ತೆಗೆದು ಕುರ್ಚಿಯ ಮೇಲೆ ಹಾಕಿದಳು. ‘ಕಾಲಿಪಾ, ನಡಿ ಒಳಗೆ. ಬಾಗ್ಲು ಹಾಕು. ನೀನು ಬಾರಿಸ್ತಾ ಹೋಗು ಶೈಲೋ, ನಾನು ಹೇಳ್ತೀನಿ.’

ಇದೊಂದು ಬಾಕಿಯಿತ್ತು ಎಂದುಕೊಂಡ. ಸಂಗೀತದ ಡಿಪ್ಲೊಮಾ ಪಡೆದವನು, ಮೂವತ್ತು ವರ್ಷ ಪಾಠ ಹೇಳಿದವನು, ಮುಚ್ಚಿದ ಬಾಗಿಲಿಗೆ ಮುಖಮಾಡಿ ಪರೀಕ್ಷೆಗೆ ಕೂತ ಹಾಗೆ ಕೂತ. ಪುಸ್ತಕದ ಕ್ರಮದಲ್ಲಿ ಒಂದು ತುಣುಕು ಬಾರಿಸಿದ. ‘ಅಲ್ಲ’ ಎಂದಿತು ಬಾಗಿಲು. ನಡುಗಿಸುವುದನ್ನು ಮುಂದಕ್ಕೆ ತಂದ. ‘ಅಲ್ಲ. ಇದು ಹಲ್ಲುನೋವು ಬಂದವನ ಹಾಗಿದೆ.’ ಒಳಗೆ ಇಬ್ಬರೂ ನಕ್ಕದ್ದು ಕೇಳಿಸಿತು. ಅದುಮುವುದನ್ನು ಹಿಂದಕ್ಕೆ ಹಾಕಿದ. ‘ಇದಲ್ಲ, ಆದ್ರೆ ಹತ್ರ ಬಂತು. ಆ ಮೂಗಿಂದು ಮೊದ್ಲು ಬರ್ತಿತ್ತು ನೋಡು, ಎಲ್ಲಕ್ಕಿಂತ ಮೊದ್ಲು.’ ತಿರುಚುವ ಡಬ್ಬಿಯನ್ನು ಎಲ್ಲಕ್ಕಿಂತ ಮುಂದಿಟ್ಟ. ‘ಹಾಂ. ಈಗ ಮುಂದಿನದು.’ ಅವಳಿಗೆ ಹೇಗೆ ಗೊತ್ತು ಎಂದು ಅವನಿಗೆ ರೇಗಿತು. ಅವಳಿಗೆ ಸ್ವರಗಳ ಹೆಸರು ಗೊತ್ತಿರಲಿಲ್ಲ. ಕೆನೆಶ್ ಮನೆಯಲ್ಲಿ ಅಭ್ಯಾಸ ಮಾಡುವುದನ್ನು ಅವಳು ಬೈಯುತ್ತಿದ್ದುದನ್ನು ತಂಡದವರೆಲ್ಲ ನಕಲು ಮಾಡಿ ನಗುತ್ತಿದ್ದರು. ಎಲ್ಲರಿಗಿಂತ ಚೆನ್ನಾಗಿ ನಕಲು ಮಾಡುತ್ತಿದ್ದವನು ತಾನೇ. ಕೊನೆಗೆ ಎಲ್ಲೋ ಒಂದು ಕಡೆ ಮಾತ್ರ ತಪ್ಪು ಉಳಿಯಿತು. ಎಲ್ಲ ಸರಿಯಿದ್ದರೂ ಬಾಗಿಲು ‘ಅಲ್ಲ’ ಎನ್ನುತ್ತಿತ್ತು. ‘ತುಂಬ ಶುಭ್ರವಾಗಿದೆ ಕಣೋ. ನಮ್ಮನೇಲಿ ಆ ಸದ್ದು ಬಂದ್ರೆ ಪಾತ್ರೆ ಮುಚ್ಚಳ ನಡುಗ್ತಿದ್ವು. ಒಂದರ ಮೇಲೊಂದು ಬೀಳೋ ಹಾಗೆ ಬರ್ತಿತ್ತು.’

ಆಗ ಅವನು, ಯಾವ ವಿದ್ಯಾರ್ಥಿ ಮಾಡಿದರೂ ಬೆರಳಿನ ಗೆಣ್ಣಿಗೆ ಕುಟ್ಟುತ್ತಿದ್ದನೋ ಆ ತಪ್ಪನ್ನು ಮಾಡಿದ. ಪ್ರತಿಧ್ವನಿಯನ್ನು ತಂದು, ಹರಿಯುವ ಡಬ್ಬಿಯ ಮುಂದೆ ಇಟ್ಟ. ಹಾಗೆ ಮಾಡಿದರೆ ಮೂಲ ದನಿಯ ಜೊತೆ ಅದರ ಮರುದನಿಗಳೂ ಹರಿದು, ಯಾವುದು ಈಗಿನದು ಯಾವುದು ಆಗಿನದು ಎಂದು ತಿಳಿಯದ ಹಾಗೆ ಕಲಸಿಹೋಗುತ್ತದೆ. ಹಲವು ತಂತಿ ಒಟ್ಟಿಗೆ ಮೀಟಿ ಒಂದೇ ಒಂದು ಮೇಳಸ್ವರ ಬಾರಿಸಿದ. ಅದು ಕೋಣೆಯ ಗೋಡೆಗಳಿಗೆ ತಾಗಿ, ಕವಿದು, ನಿಧಾನವಾಗಿ ತನ್ನ ಮೇಲೆಯೇ ಕುಸಿಯಿತು. ಬಾಗಿಲು ಏನೂ ಹೇಳಲಿಲ್ಲ. ಕಾಯ್ದ. ‘ಅತ್ತಿಗೆ?’ ಎಂದ. ಕಾಲಿಪಾ ಮಾತ್ರ, ಬೇರೆಯೇ ದನಿಯಲ್ಲಿ, ‘ಸ್ವಲ್ಪ ಇರ್ರೀ’ ಎಂದಳು. ನಲ್ಲಿಯಲ್ಲಿ ನೀರು ಬಿಟ್ಟ ಸದ್ದಾಯಿತು.

ಹೊರಗೆ ಬಂದ ಬುರುಲ್‌ಳ ಮುಖ ಒದ್ದೆಯಾಗಿತ್ತು, ತೊಳೆದುಕೊಂಡಿದ್ದಳು. ‘ಇದೇ,’ ಎಂದಳು. ‘ದೇವರೇ, ಎಂಥ ಹಾಳು ಸದ್ದು. ಇದೇ.’ ಮೇಜಿನ ಹತ್ತಿರ ಬಂದು ಕೊನೆಯ ಡಬ್ಬಿಯ ಮೆಟ್ಟನ್ನು ಬೆರಳಿನಿಂದ ಒತ್ತಿ, ಅದು ಪೂರ್ತಿ ಕೆಳಗಿಳಿದದ್ದು ನೋಡಿ ಹುಬ್ಬು ಗಂಟಿಕ್ಕಿದಳು. ‘ಇದು ಇಷ್ಟು ಇಳೀತಿರ್ಲಿಲ್ಲ. ಕೆಳಗೊಂದು ಮರದ ಚೂರು ಅಂಟಿಸಿದ್ದ. ಅರ್ಧಕ್ಕೆ ನಿಲ್ತಿತ್ತು. ಹಲಗೆ ಬಿಚ್ಚುವಾಗ ಬಿದ್ದುಹೋಗಿರ್ಬೇಕು.’

‘ಅರ್ಧಕ್ಕೆ ಯಾಕೆ ನಿಲ್ಲಿಸ್ಬೇಕು? ಸದ್ದೇ ಏರಲ್ವಲ್ಲ.’ ಕೆನೆಶ್‌ಗೆ ಜೋರಾಗಿ ಬಾರಿಸುವ ಧೈರ್ಯವಿಲ್ಲ ಎಂದು ತಾನೇ ಎಷ್ಟು ಜನರ ಹತ್ತಿರ ಹೇಳಿದ್ದ, ಹೇಳಿ ‘ಪಾಪ’ ಎಂದು ಸೇರಿಸಿದ್ದ.

‘ಏರಬಾರ್ದು ಅಂತಲೇ. ನೀನೇ ಹೇಳಿದ್ಯಂತಲ್ಲ, ಬಾಲಿಕ್ಚಿಯಲ್ಲಿ.’

‘ಏನಂತ?’

ಅವಳು ಅವನನ್ನೇ ನೋಡಿದಳು. ನಾಟಕ ಆಡುತ್ತಿದ್ದಾನೋ ನಿಜವಾಗಿಯೂ ಗೊತ್ತಿಲ್ಲವೋ ಎಂದು ತೂಗುವ ಹಾಗೆ. ‘ಮದುವೆ ಮನೇಲಿ, ಮೈಕು ಆನ್ ಇರುವಾಗ್ಲೇ. ನಿನ್ನ ಗದ್ದಲದಲ್ಲಿ ನನ್ನ ಗಿಟಾರು ನನಗೇ ಕೇಳ್ತಿಲ್ಲ, ಬಾರಿಸ್ತೀಯೋ ಬಸ್ಸು ರಿಪೇರಿ ಮಾಡ್ತೀಯೋ ಅಂತ. ಜನ ಎಲ್ಲ ನಕ್ಕರಂತೆ. ಮನೆಗೆ ಒಣಮೀನು ತಂದಿದ್ದ ಆವತ್ತು. ಮೀನು ಮೇಜಿನ ಮೇಲಿಟ್ಟು, ಕೋಟೂ ಬಿಚ್ಚದೆ, ಆ ಚೂರಿಗೆ ಅಂತ ಮೀನಿನ ಪೆಟ್ಟಿಗೆಯ ಮರ ಕುಯ್ಯೋಕೆ ಕೂತ. ನಾನು ಬೈದೆ, ನೀನ್ಯಾಕೋ ಅವನಿಗೋಸ್ಕರ ತಗ್ಗಬೇಕು ಅಂತ. ಶೈಲೋಗೆ ತನ್ನ ಗಿಟಾರು ಕೇಳಿಸ್ದೆ ಹೋದ್ರೆ ತಾಳ ಬಿಟ್ಟು ಓಡೋಕೆ ಶುರು ಮಾಡ್ತಾನೆ, ಹಿಡಿಯೋರ್ಯಾರು ಅಂದ.’

ಬಾಲಿಕ್ಚಿಯ ಮದುವೆಗಳು ಅವನ ತಲೆಯಲ್ಲಿ ಒಂದರ ಹಿಂದೊಂದು ಹಾದುಹೋದವು. ಸರೋವರದ ಗಾಳಿ, ಹೊಗೆಯಾಡಿಸಿದ ಮೀನು, ಯಾವನೋ ಮಾವ ಕುಣಿಯುತ್ತ ವೈರಿಗೆ ಎಡವಿದ್ದು. ಆ ಮಾತು ಇರಲಿಲ್ಲ. ತಾನು ಅಂದಿರಲಾರೆ ಎನ್ನಲು ಬಾಯಿ ತೆರೆದ. ಆದರೆ ಆ ಮಾತಿನ ಅಳತೆ, ಬಸ್ಸು ಎನ್ನುವಲ್ಲಿ ತಡೆದು ನಗುವಿಗೆ ಜಾಗ ಬಿಡುವ ಆ ಜಾಣತನ, ತನ್ನದೇ ಎಂದು ಗುರುತು ಸಿಕ್ಕಿತು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಅವಳೂ ಗುರುತು ಹಿಡಿದಿದ್ದಾಳೆ ಎಂದು ತಿಳಿಯಿತು. ಏನಾದರೂ ಮಾಡಬೇಕೆನ್ನಿಸಿ ಜೇಬಿನಲ್ಲಿದ್ದ ಬೆಂಕಿಪೊಟ್ಟಣವನ್ನು ಮಡಚಿ ಮೆಟ್ಟಿನಡಿಗೆ ತುರುಕಲು ಹೋದ. ಬುರುಲ್ ಅವನ ಕೈ ಮೇಲೆ ಹೊಡೆದಳು. ‘ಈಗ ಯಾಕೆ? ಬಿಡು, ಇಳೀಲಿ.’ ಗಡಿಯಾರ ನೋಡಿದಳು. ‘ಬೇಗ, ಒಂದ್ಸಲ ಮೂರನೆಯದು ಬಾರಿಸು. ಕೇಳಿ ಹೋಗ್ತೀನಿ. ಅಲ್ಲಿ ಒಲೆ ಉರೀತಿದೆ.’

ಅವನು ಗಿಟಾರು ಎತ್ತಿಕೊಂಡು ಬಾರಿಸಿದ. ನಾಲ್ಕು ಆವರ್ತ ಹೋಗಿ ನಿಲ್ಲಿಸಿದ. ಮತ್ತೆ ಶುರು ಮಾಡಿದ. ಬೆರಳುಗಳು ಮೇಲಿನ ತಂತಿಗಳ ಕಡೆಗೆ, ಪರಿಚಯದ ಓಣಿಗೆ ತಿರುಗುವ ಕುದುರೆಯ ಹಾಗೆ, ತಮ್ಮ ಸೋಲೋದ ಕಡೆಗೇ ಓಡುತ್ತಿದ್ದವು.

‘ಅದು ನಿಂದು,’ ಎಂದಳು ಬುರುಲ್. ‘ಅವನದು ಬಾರಿಸು.’

‘ಗೊತ್ತಿಲ್ಲ ಅತ್ತಿಗೆ.’ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ನಿಲ್ಲಿಸಿದ. ‘ಅವನು ಏನು ಬಾರಿಸ್ತಿದ್ದ ಅಂತ ನನಗೆ ಗೊತ್ತಿಲ್ಲ.’

ಬಯ್ಯಲಿ ಎಂದು ಕಾದ. ಬಯ್ದಿದ್ದರೆ ತಾನೂ ಏನಾದರೂ ಅಂದು ಹಗುರಾಗಬಹುದಿತ್ತು. ಅವಳು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ತೊಡೆಯ ಮೇಲೆ ಹಿಟ್ಟಿನ ಕೈಯಿಂದ ತಾಳ ಹಾಕಿದಳು. ಮೊದಲು ಸಂಕೋಚದಿಂದ, ಆಮೇಲೆ ಕಣ್ಣು ಮುಚ್ಚಿಕೊಂಡು, ಗಂಟಲಿನಿಂದ ಹಾಡಿದಳು: ‘ಡೂಂ... ಡಡೂಂ... ಇಲ್ಲಿ ತಡೀತಾನೆ ನೋಡು... ಡೂಂ.’ ಅವನು ಹಿಂದೆ ಹಿಂದೆ ಹುಡುಕಿದ. ತಪ್ಪಿದ. ‘ಥೂ, ಅಲ್ಲ ಕಣೋ, ಕೆಳಗೆ.’ ಮತ್ತೆ ತಪ್ಪಿದ. ‘ಓಡಬೇಡ್ವೋ! ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ!’ ಕಾಲಿಪಾ ಒಳಗೆ ಹೋಗಿ ಫೋನಿನಲ್ಲಿ ಬುರುಲ್‌ಳ ತಂಗಿಗೆ, ಒಲೆ ಸಣ್ಣ ಮಾಡು, ಅಕ್ಕ ಬರೋದು ತಡ ಆಗುತ್ತೆ ಎಂದು ಹೇಳುತ್ತಿದ್ದುದು ಕೇಳಿಸಿತು.

ಡಿಪೋದ ಸಭಾಂಗಣದಲ್ಲಿ ಜನ ಊಟ ಮುಗಿಸಿ ಚಹಾದ ಬಟ್ಟಲುಗಳೊಡನೆ ಕೂತಿದ್ದರು. ವೇದಿಕೆಯ ಮೇಲೆ, ಗೋಡೆಗೆ ಕೆನೆಶ್‌ನ ದೊಡ್ಡ ಚಿತ್ರ; ಯಾವುದೋ ಗುರುತಿನ ಚೀಟಿಯಿಂದ ಹಿಗ್ಗಿಸಿದ್ದು, ಅವನು ಅಪರಾಧ ಮಾಡಿ ಸಿಕ್ಕಿಬಿದ್ದವನ ಹಾಗೆ ಕಾಣುತ್ತಿದ್ದ. ಶೈಲೋಬೆಕ್ ಡಬ್ಬಿಗಳನ್ನು ನೆಲದ ಮೇಲೆ ಜೋಡಿಸಿ ಮೆಲ್ಲಗೆ ಒಮ್ಮೆ ತಂತಿ ಮೀಟಿ ನೋಡಿದಾಗ ಒರೊಜ್ ಡ್ರಮ್ಮಿನ ಹಿಂದಿನಿಂದ ಬಗ್ಗಿ ನೋಡಿ, ‘ಪ್ರತಿಧ್ವನಿ ತಪ್ಪು ಜಾಗದಲ್ಲಿದೆಯಲ್ಲೋ’ ಎಂದ.

‘ಅಲ್ಲೇ ಇರಬೇಕು. ಇವತ್ತು ನಾನು ಅವನ ಭಾಗ ಬಾರಿಸ್ತೀನಿ.’

‘ಹಾಗಾದ್ರೆ ನಿನ್ನ ಸೋಲೋ ಯಾರು ಬಾರಿಸ್ತಾರೆ?’

‘ಯಾರೂ ಇಲ್ಲ.’

‘ಆ ಹದಿನಾರು ಆವರ್ತ ಏನು ಮಾಡೋದು? ಜನ ಏನು ಕೇಳಬೇಕು?’

‘ಅವನ ಭಾಗವನ್ನೇ.’

‘ಹುಚ್ಚು ಹಿಡೀತು ನಿಂಗೆ,’ ಎಂದು ಒರೊಜ್ ಕೋಲುಗಳನ್ನು ತಟ್ಟಿ ಎಣಿಸಿದ.

ಶುರುವಾದದ್ದು ಸರಿಯಾಗಿಯೇ ಶುರುವಾಯಿತು. ಆ ಕಲಸಿದ, ಕುಸಿಯುವ ದನಿ ಹೊರಟಾಗ ಡಿಪೋದ ಹಳಬರು ಇಬ್ಬರು ಮೂವರು ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಸೋಲೋದ ಜಾಗ ಬಂತು. ಎಲ್ಲರೂ ಅವನ ಬೆರಳು ನೋಡುತ್ತಿದ್ದರು. ಅವನು ಮೇಲಿನ ತಂತಿಗಳಿಗೆ ಹೋಗಲಿಲ್ಲ. ಎರಡು ಆವರ್ತ ಹೋಯಿತು, ಮೂರಾಯಿತು. ಬೇಸ್ ಗಿಟಾರು ಬಾರಿಸುವವನು ಗಾಬರಿಯಿಂದ ಇವನ ಮುಖ ನೋಡಿದ. ಸಭೆಯಲ್ಲಿ ಕೆಮ್ಮು, ಕುರ್ಚಿ ಎಳೆದ ಸದ್ದು. ಹಿಂದಿನ ಸಾಲಿನಿಂದ ಒಬ್ಬ ಮೆಕ್ಯಾನಿಕ್ಕು, ‘ಶೈಲೋ ಅಣ್ಣ, ವೈರು ಕಿತ್ತೋಯ್ತಾ?’ ಎಂದು ಕೂಗಿದ. ನಗು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಿಯಿತು. ಐವತ್ತು ವರ್ಷದ ಗಂಡಸು, ಪಾಠ ಮರೆತವನಂತೆ ನಿಂತಿದ್ದೇನೆ ಎಂದುಕೊಂಡ. ಬೇಕಾದರೆ ಈಗಲೂ ಒಂದು ಓಟ ಓಡಿಸಿ ಎಲ್ಲರ ಬಾಯಿ ಮುಚ್ಚಿಸಬಹುದು. ಬೆರಳುಗಳು ಅದಕ್ಕಾಗಿ ತುರಿಸುತ್ತಿದ್ದವು. ಡೂಂ, ಡಡೂಂ, ಇಲ್ಲಿ ತಡೆ, ಡೂಂ. ಏಳನೆಯ ಆವರ್ತದಲ್ಲಿ ಅದು ಕೇಳಿಸಿತು. ಈ ತಡೆ ಇರುವುದು ತಾನು ಯಾವಾಗಲೂ ಮುಗ್ಗರಿಸಿ ಮುಂದೆ ನುಗ್ಗುತ್ತಿದ್ದ ಜಾಗದಲ್ಲಿ. ಒಂಬತ್ತರಲ್ಲಿ ಅಗಲವಾಗಿ ಹರಡಿಕೊಳ್ಳುವ ಈ ಮೇಳಸ್ವರ ಇರುವುದು ತಾನು ಉಸಿರಿಗಾಗಿ ನಿಲ್ಲುತ್ತಿದ್ದ ಜಾಗದಲ್ಲಿ, ಆ ನಿಲುಗಡೆ ಯಾರಿಗೂ ಕಾಣದ ಹಾಗೆ. ತನ್ನ ಅವಸರ, ತನ್ನ ಸುಸ್ತು, ತನ್ನ ಜಂಬ ಎಲ್ಲವೂ ಇಲ್ಲಿ ಅಳತೆ ತೆಗೆದಂತೆ ಇದ್ದವು. ಅವುಗಳ ಸುತ್ತ ಒಬ್ಬ ಮನುಷ್ಯ ಇಪ್ಪತ್ತೆರಡು ವರ್ಷ ಕೂತು ಹೊಲಿದಿದ್ದ. ಶೈಲೋಬೆಕ್‌ಗೆ ಎಲ್ಲಿಲ್ಲದ ಸಿಟ್ಟು ಬಂತು. ಕೆನೆಶ್ ಒಂದು ಸಲ ತನ್ನ ಕುತ್ತಿಗೆಪಟ್ಟಿ ಹಿಡಿದು ಹೇಳಬಾರದಿತ್ತೇ, ಕೇಳಿಸಿಕೋ ಎಂದು? ಹೇಳಿದ್ದ. ಬೆಂಚಿನ ಮುಂದೆ ನಿಂತು ಹೇಳಿದ್ದ, ಬಸ್ಸಿನಲ್ಲಿ ಹೇಳಿದ್ದ, ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಲು ಹೋದಾಗಲೂ ಏನೋ ಒಂದು ಡಬ್ಬಿಯ ವಿಷಯ ತೆಗೆದಿದ್ದ, ತಾನು ಡಾಕ್ಟರು ಏನಂದರು ಎಂದು ಮಾತು ತಿರುಗಿಸಿದ್ದ.

ಹದಿನೈದು. ಹದಿನಾರು. ಇನ್ನು ಎಲ್ಲರೂ ಕೂಡಿ ಕೊನೆಯ ಭಾಗಕ್ಕೆ ಇಳಿಯಬೇಕು, ಜನ ಚಪ್ಪಾಳೆ ತಟ್ಟಿ ಇದನ್ನು ಮರೆಯುತ್ತಾರೆ. ಒರೊಜ್ ಇಳಿಯಲು ಕೋಲು ಎತ್ತಿದ್ದ. ಶೈಲೋಬೆಕ್ ಅವನ ಕಡೆ ತಿರುಗಿ, ಬೇಡವೆಂದು ತಲೆಯಾಡಿಸಿ, ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆದ: ಮೊದಲಿಂದ.

‘ಮತ್ತೆ ಖಾಲಿ ಹದಿನಾರಾ?’ ಎಂದು ಒರೊಜ್ ಹಲ್ಲು ಕಚ್ಚಿ ಕೇಳಿದ. ಮೈಕು ಆನ್ ಇತ್ತು. ಇಡೀ ಸಭೆಗೆ ಕೇಳಿಸಿತು.

‘ಹೂಂ,’ ಎಂದ ಶೈಲೋಬೆಕ್. ‘ನಾನಿನ್ನೂ ಕೇಳಿ ಮುಗಿಸಿಲ್ಲ.’